ಕಸ್ತೂರಬಾಯಿಯ ತಲೆ, ಕಣದ ಜೋಳ

ಚಪಳಗಾಂವದಲ್ಲಿ ಕಣದ ಮೇಲೆ ಜೋಳದ ತೆನೆ ಹರಡುವ ಮೊದಲು ಮಳೆ ಬರುತ್ತದೋ ಎಂದು ಜನ ಮೊಬೈಲು ನೋಡುತ್ತಿರಲಿಲ್ಲ, ನಾಗಪ್ಪನ ಮನೆಯ ಬಾಗಿಲಿಗೆ ಬರುತ್ತಿದ್ದರು. "ಕಾಕು, ಇವತ್ತ ತಲಿ ಹೆಂಗೈತ್ರಿ?" ನಾಗಪ್ಪನ ಹೆಂಡತಿ ಕಸ್ತೂರಬಾಯಿಗೆ ಅರ್ಧತಲೆ ನೋವು. ಮೋಡ ಕಟ್ಟುವ ಮೊದಲೇ, ಹವೆ ಬಿಗಿಯುತ್ತಲೇ, ಅವಳ ಕಣ್ಣೆದುರು ಗರಗಸದಂಥ ಬೆಳಕು ಕುಣಿಯುತ್ತಿತ್ತು. ಆಮೇಲೆ ಒಂದು ಕಡೆಯ ತಲೆ ಸಿಡಿತ, ವಾಂತಿ. ಅವಳು ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದರೆ ಗಂಡ, ಭಾವ, ನೆರೆಯವರು ತೆನೆ ಮುಚ್ಚಲು ತಾಡಪತ್ರಿ ಹಿಡಿದು ಕಣಕ್ಕೆ ಓಡುತ್ತಿದ್ದರು. ಹಣೆಯ ಮೇಲೆ ಕೈಯಿಟ್ಟು ನೋಡುವ ಪುಣ್ಯಾತ್ಮ ಒಬ್ಬನಾದರೂ ಇದ್ದನೆ? ಎಲ್ಲಿಂದ ಬರಬೇಕು! ಕಾಳು ಉಳಿಯಿತಲ್ಲ, ಅವರಿಗೆ ಅಷ್ಟೇ ಸಾಕಿತ್ತು.

ಸೋಲಾಪುರದ ಡಾಕ್ಟರು ಒಮ್ಮೆ ಬಿಡಿಸಿ ಹೇಳಿದ್ದರು: ಹವೆಯ ಒತ್ತಡ ಏರುಪೇರಾದರೆ ಕೆಲವರ ತಲೆ ಹೀಗೆ ಕೆರಳುತ್ತದೆ, ಶುರುವಾದ ಕೂಡಲೇ ಗುಳಿಗೆ ನುಂಗಿ ಕತ್ತಲಲ್ಲಿ ಮಲಗಬೇಕು. ನಾಗಪ್ಪನ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. "ನೋಡ್ರಿ, ಡಾಕ್ಟರೇ ಹೇಳ್ಯಾರ, ನಮ್ಮಾಕಿ ತಲಿ ಖರೇ ಹೇಳತೈತಿ" ಎಂದು ಊರೆಲ್ಲ ಡಂಗುರ ಸಾರಿದ. ಗುಳಿಗೆ ತರುವುದು ಮಾತ್ರ ಮಹಾಶಯನಿಗೆ ನೆನಪಾಗಲಿಲ್ಲ.

ಮುಟ್ಟು ನಿಂತ ಮೇಲೆ ನೋವೂ ನಿಂತಿತು. ಕಸ್ತೂರಬಾಯಿ ದೇವರಿಗೆ ಕೈಮುಗಿದಳು. ನಾಗಪ್ಪನ ಮುಖ ಹುಳ್ಳಗಾಯಿತು. ಎರಡು ಸುಗ್ಗಿಯಲ್ಲಿ ಅಕಾಲ ಮಳೆ ಬಡಿದು ಕಣದ ಜೋಳ ಕಪ್ಪಾಯಿತು.

ಈ ಮಾರ್ಚಿನ ಒಂದು ಮಧ್ಯಾಹ್ನ, ಬಿಸಿಲು ಚುರುಗುಡುತ್ತಿದ್ದಾಗ, ಶಾಲೆಯಿಂದ ಬಂದ ಮೊಮ್ಮಗಳು ಪ್ರಣಿತಾ ಕಣ್ಣುಜ್ಜಿಕೊಂಡಳು. "ಆಯಿ, ಕಣ್ಣಮುಂದ ಕರವತ್ತ ಆಡಿಸಿದಂಗ ಆಗಾಕತ್ತೈತಿ. ಬಾಗಲಾ ಮುಚ್ಚ."

ಕಸ್ತೂರಬಾಯಿಗೆ ತಕ್ಷಣ ಗೊತ್ತಾಯಿತು: ತನ್ನ ಕಣ್ಣೆದುರು ಕುಣಿಯುತ್ತಿದ್ದ ಅದೇ ಗರಗಸ. ಅಯ್ಯೋ, ಈ ಕೂಸಿಗೂ ಬಂತೆ! ಕಣದಲ್ಲಿ ತೆನೆ ಬಿದ್ದಿವೆ, ನಾಗಪ್ಪ ಅಲ್ಲೇ ಇದ್ದಾನೆ. ಗೊತ್ತಾದರೆ ಮುಗಿಯಿತು. ನಾಳೆಯಿಂದ ಹತ್ತು ವರ್ಷದ ಹುಡುಗಿಯ ಹಾಸಿಗೆಯ ಸುತ್ತ ಊರೇ ನೆರೆಯುತ್ತದೆ. ನೋವು ಬರಲಿ ಎಂದು ಹರಕೆಯನ್ನೂ ಹೊರುತ್ತದೆ. ತನಗೆ ಹೊತ್ತಿದ್ದರಲ್ಲ!

ಹುಡುಗಿಯನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಕೌದಿ ಹೊದಿಸಿದಳು. ಅಷ್ಟರಲ್ಲಿ ಗಂಡನ ಚಪ್ಪಲಿ ಸದ್ದು. ಒದ್ದೆ ಬಟ್ಟೆಯನ್ನು ತನ್ನ ತಲೆಗೇ ಬಿಗಿದುಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಏನಾತ?" ಎಂದ ನಾಗಪ್ಪ.

"ನಂದು ತಿರುಗಿ ಬಂತ್ರಿ. ಲಗೂನ ಕಣಾ ಮುಚ್ಚರಿ."

ಅವನು ಮುಗಿಲು ನೋಡಿದ. ಚೂರೂ ಮೋಡವಿಲ್ಲ. ಕಸ್ತೂರಬಾಯಿ ತಲೆಯ ಬಟ್ಟೆಯನ್ನು ಇನ್ನಷ್ಟು ಬಿಗಿದಳು. ಮಳೆ ಬರದೆ ಸುಳ್ಳು ಬಯಲಾದರೆ? ಒಳಗೆ ಕೂಸು ಅತ್ತರೆ? ಅತ್ತೇಬಿಟ್ಟಿತು. ಅವಳು ತಾನೇ ನರಳತೊಡಗಿದಳು, ಆ ಸಣ್ಣ ದನಿ ಯಾರಿಗೂ ಕೇಳದಷ್ಟು ಜೋರಾಗಿ. ನಾಗಪ್ಪ ತಾಡಪತ್ರಿಗೆ ಓಡಿದ.

ಸಂಜೆಗೆ ಗಾಳಿ ಎದ್ದು ಆಲಿಕಲ್ಲು ಬಿತ್ತು. ಒಂದು ತೆನೆಯೂ ತೋಯಲಿಲ್ಲ. "ಕಾಕೂನ ತಲಿ ತಿರುಗಿ ಬಂತಪಾ!" ಎಂದು ಪಡಸಾಲೆಯಲ್ಲಿ ಗಂಡಸರ ಖುಷಿಯೋ ಖುಷಿ. ಒಳಗೆ ಪ್ರಣಿತಾ ವಾಂತಿ ಮಾಡಿ ಸುಸ್ತಾಗಿ, ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ನಡುಗುತ್ತಿದ್ದಳು.

"ಆಯಿ, ಮಳಿ ಬಂದಾಗೆಲ್ಲಾ ಹಿಂಗ ಆಗತೈತೇನ?"

ಕಸ್ತೂರಬಾಯಿ ಅವಳ ಹಣೆಯ ಮೇಲೆ ಕೈಯಿಟ್ಟಳು.

ಮಳೆ ನಿಂತು ಜನ ಚದುರಿದ ಮೇಲೆ ಗಂಡನ ಎದುರು ಬಂದಳು. "ನಾಳಿ ಸೋಲಾಪುರಕ್ಕ ಹೋಗತೀನ್ರಿ, ಡಾಕ್ಟರಿಗೆ ತಲಿ ತೋರಸಾಕ. ಸಂಗಾಟ ಪ್ರಣಿತಾನ್ನ ಕರ್ಕೊಂಡ ಹೋಗತೀನಿ."

ನಾಗಪ್ಪ ಎಂದೂ ಇಲ್ಲದ ಅಕ್ಕರೆಯಿಂದ ಅವಳ ತಲೆ ನೇವರಿಸಿದ. "ಹೋಗಿ ಬಾ. ಆದ್ರ ಪೂರಾ ನಿಲ್ಲೂವಂಥಾ ಗುಳಿಗಿ ಅಷ್ಟ ತಗೋಬ್ಯಾಡ. ಇನ್ನೂ ಗೋದಿ ರಾಶಿ ಆಗಬೇಕೈತಿ."