ಐದನೇ ದಿನದ ಮಣ್ಣು

ಬೆಳಿಗ್ಗೆ ಆರೂಮುಕ್ಕಾಲಿಗೆ ಚಂದಯ್ಯ ಪೂಜಾರಿಯವರು ಹೆಮ್ಮಾಡಿಯ ಮೈದಾನದ ನಡುವೆ ಕುಕ್ಕರುಗಾಲಲ್ಲಿ ಕೂತು, ಪಿಚ್‌ನ ಅಂಚಿನಿಂದ ಕಡಲೆಕಾಳಿನಷ್ಟು ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡರು. ಮುಂದಿನ ಹಲ್ಲುಗಳ ನಡುವೆ ಎರಡು ಸಲ ಆಡಿಸಿ ಉಗುಳಿದರು. ಹಲ್ಲಿಗೆ ಮರಳು ಸಿಕ್ಕರೆ ಮಣ್ಣು ಬಡವು. ಬೆಣ್ಣೆಯಂತೆ ಜಾರಿದರೆ ಕೊಬ್ಬು. ಇದು ಕೊಬ್ಬಿದ ಮಣ್ಣು. ಒಣಗಿದರೆ ಒಡೆಯಲೇಬೇಕು. ಇಪ್ಪತ್ತೆರಡು ದಿನದ ಬಿಸಿಲು ಕುಡಿದೂ ಅದು ಒಡೆದಿರಲಿಲ್ಲ.

ಯಾಕೆ ಒಡೆಯಲಿಲ್ಲ ಎಂಬುದು ಅವರಿಗೊಬ್ಬರಿಗೇ ಗೊತ್ತಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವರೇ ಅದರ ಮೇಲೆ ಒದ್ದೆ ಗೋಣಿ ಹಾಸುತ್ತಿದ್ದರು.

ಚಂದಯ್ಯನವರಿಗೆ ಈಗ ಐವತ್ತೊಂಬತ್ತು. ಹದಿನೇಳನೆಯ ವಯಸ್ಸಿಗೆ ಗುಲ್ವಾಡಿಯ ಹೊಳೆಬದಿಯ ಹಂಚಿನ ಕಾರ್ಖಾನೆ ಸೇರಿದವರು, ಅದು ಬಾಗಿಲು ಹಾಕುವವರೆಗೆ ಮೂವತ್ತೊಂದು ವರ್ಷ ಒಣಗಿಸುವ ಶೆಡ್ಡಿನಲ್ಲೇ ಇದ್ದರು. ಹಸಿ ಹಂಚು ಭಟ್ಟಿಗೆ ಹೋಗುವ ಮೊದಲು ಒಡೆಯದಂತೆ ನೋಡಿಕೊಳ್ಳುವುದು ಕೆಲಸ. ಗಾಳಿ ಒಂದೇ ಕಡೆಯಿಂದ ಬೀಸಿದರೆ ಚಾಪೆ ಕಟ್ಟಬೇಕು. ಬಿಸಿಲು ಜೋರಾದರೆ ಒದ್ದೆ ಗೋಣಿ. ಕೂದಲೆಳೆಯಷ್ಟು ಬಿರುಕು ಕಂಡರೆ ಬೆರಳು ತೋಯಿಸಿ ಸವರಬೇಕು. ಅವರ ಪಾಳಿಯಲ್ಲಿ ನೂರಕ್ಕೆ ಎರಡು ಹಂಚು ಒಡೆಯುತ್ತಿತ್ತು. ಬೇರೆಯವರ ಪಾಳಿಯಲ್ಲಿ ಎಷ್ಟು ಎಂದು ಕೇಳಿದರೆ, "ಅವ್ರೂ ಮಾಡ್ತಿದ್ರ್, ಪಾಪ" ಎನ್ನುತ್ತಾರೆ.

ಮುಂಬೈಯಲ್ಲಿ ಮೂರು ಹೋಟೆಲು ನಡೆಸುವ ರಾಜೇಂದ್ರ ಶೆಟ್ಟರು ಆರು ವರ್ಷದ ಹಿಂದೆ ಹೆಮ್ಮಾಡಿಯ ತಮ್ಮ ಗದ್ದೆಯನ್ನು ಎತ್ತರಿಸಿ ಕ್ರಿಕೆಟ್ ಮೈದಾನ ಮಾಡಿದರು. ಬೆಂಗಳೂರಿನಿಂದ ಬಂದ ಪಿಚ್ ತಜ್ಞರೊಬ್ಬರು ಒಂದು ತಿಂಗಳಿದ್ದು ನಾಲ್ಕು ಪಿಚ್ ಹಾಕಿಸಿ ಹೋದರು. ಮಣ್ಣು ಗುಲ್ವಾಡಿಯದು. ಮಣ್ಣಿನ ಜೊತೆಗೆ ಚಂದಯ್ಯನವರೂ ಬಂದರು. ಐದು ದಿನದ ಪಂದ್ಯವನ್ನು ಅವರು ಒಂದು ದಿನವೂ ಪೂರ್ತಿ ನೋಡಿದವರಲ್ಲ. ಟಿವಿಯಲ್ಲಿ ಚೆಂಡು ನೆಲಕ್ಕೆ ಬೀಳುವವರೆಗೆ ನೋಡುತ್ತಾರೆ. ಆಮೇಲಿನದು ಅವರಿಗೆ ಸಂಬಂಧಿಸಿದ್ದಲ್ಲ.

ಜನವರಿಯಲ್ಲಿ ಶೆಟ್ಟರ ಹೋಟೆಲಿನ ಪರಿಚಯದಿಂದ ಒಂದು ಬುಕಿಂಗ್ ಬಂತು. ಇಂಗ್ಲೆಂಡಿನ ಟೆಸ್ಟ್ ತಂಡದ ಆರಂಭಿಕ ಬ್ಯಾಟರ್, ಹ್ಯಾಲೊರನ್ ಎಂಬವನು, ಭಾರತದಲ್ಲಿ ನಡೆಯುವ ಸರಣಿಗೆ ಮೊದಲು ಹನ್ನೆರಡು ದಿನ ಯಾರ ಕಣ್ಣಿಗೂ ಬೀಳದೆ ಅಭ್ಯಾಸ ಮಾಡಬೇಕಂತೆ. ತವರಿನಲ್ಲಿ ಅವನ ಸರಾಸರಿ ಐವತ್ತೊಂದು. ಏಷ್ಯಾದಲ್ಲಿ ಹದಿನಾಲ್ಕು. ಅವನಿಗೆ ಬೇಕಾದದ್ದು ಐದನೇ ದಿನದ ಪಿಚ್. ಮೈದಾನದ ಕೋಚ್ ನಿತೇಶ್ ಇದನ್ನು ಚಂದಯ್ಯನವರಿಗೆ ಬಿಡಿಸಿ ಹೇಳಿದ.

"ಅವ್ರ ಊರಲ್ಲಿ ಪಿಚ್ ಮೇಲೆ ಹುಲ್ಲ್ ಇರತ್ತ್, ಅಡಿಯಲ್ಲಿ ತೇವ ಇರತ್ತ್. ಚೆಂಡ್ ಬಿದ್ದದ್ದೇ ಸೀದಾ ಬ್ಯಾಟಿಗೆ ಬತ್ತ್. ಅವ ಕಾಲ್ ಮುಂದ್ ಹಾಕಿ ತಳ್ಳಿರೆ ಸಾಕ್. ನಮ್ಮಲ್ಲಿ ನಾಲ್ಕನೇ ದಿನ ಕಳ್ದ್ ಮೇಲೆ ಮಣ್ಣ್ ಒಡಿತ್ತ್, ಚೆಂಡ್ ನಿಂತ್ ಬತ್ತ್. ಒಂದ್ ತಿರ್ಗತ್ತ್, ಮತ್ತೊಂದ್ ತಿರ್ಗ್ದೇ ಒಳ್ಗ್ ಬತ್ತ್. ಯಾವ್ದ್ ಎಂತ ಮಾಡತ್ತ್ ಅಂದೇಳಿ ಬೌಲರಿಗೂ ಗೊತ್ತಿಲ್ಲೆ."

"ಬೌಲರಿಗೇ ಗೊತ್ತಿಲ್ದಿದ್ರೆ ಅವ ಹ್ಯಾಂಗ್ ಕಲಿತ ಮಾರಾಯ?"

"ಔಟ್ ಆಯಿ ಆಯಿ ಕಲಿಕ್, ಚಂದಯ್ಯಣ್ಣ."

ಶನಿವಾರ ಹ್ಯಾಲೊರನ್ ಬಂದ. ಭಾನುವಾರ ಬೆಳಿಗ್ಗೆ ಪ್ಯಾಡ್ ಕಟ್ಟಿ ಚಂದಯ್ಯನವರು ಗೋಣಿ ಹಾಸುತ್ತಿದ್ದ ಪಿಚ್ಚಿಗೆ ಇಳಿದ. ಸಾಲಿಗ್ರಾಮದ ಎಡಗೈ ಸ್ಪಿನ್ನರ್ ಪ್ರಖ್ಯಾತ್ ಎರಡು ಗಂಟೆ ಬೌಲ್ ಮಾಡಿದ. ಚೆಂಡು ಊರ ಹಿರಿಯರನ್ನು ಕಂಡಂತೆ ಒಂದೇ ಎತ್ತರಕ್ಕೆ ಎದ್ದು, ನೇರವಾಗಿ ಬಂತು. ಏಳು ಸಲ ಹೆದ್ದಾರಿ ಬದಿಯ ಬೇಲಿ ದಾಟಿತು. ಆಟ ಮುಗಿಸಿ ಬಂದ ಹ್ಯಾಲೊರನ್ ಚಂದಯ್ಯನವರ ಬೆನ್ನು ತಟ್ಟಿ, ಇಂಡಿಯಾದಲ್ಲಿ ತಾನು ಕಂಡ ಅತ್ಯುತ್ತಮ ಪಿಚ್ ಇದು ಎಂದ. ನಿತೇಶ್ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಅವನ ಮುಖ ಚೆನ್ನಾಗಿರಲಿಲ್ಲ.

"ಎಂತ ಇದ್? ಇದ್ರ ಮೇಲೆ ಬಸ್ ಬಿಡ್ಲಕ್ಕ್," ಎಂದ.

ಸಂಜೆಯೊಳಗೆ ಶೆಟ್ಟರ ಫೋನು ಬಂತು. "ಚಂದಯ್ಯ, ಕಾಣಿ, ಅವ ಇಲ್ಲಿಗ್ ಬಂದದ್ದ್ ಹೊಡೂಕಲ್ಲ. ಬುಧವಾರಕ್ಕೆ ಪಿಚ್ ಒಡೀದಿದ್ರೆ ನಾ ಬೆಂಗ್ಳೂರಿನವ್ರನ್ನ ಕರ್ಸ್ತೆ. ಮತ್ತೆ ಅವ್ರೇ ಇಲ್ಲಿ ಇರ್ತ್ರ್. ನೀವ್ ಮನೇಲಿ ಆರಾಮ ಮಾಡಿ."

ಚಂದಯ್ಯನವರಿಗೆ ಆರಾಮದ ಅನುಭವವಿದೆ. ಕಾರ್ಖಾನೆ ಮುಚ್ಚಿದ ಮೇಲೆ ಐದು ವರ್ಷ ಅದನ್ನೇ ಮಾಡಿದ್ದರು. ಆಗ ಊರಿನಲ್ಲಿ ಯಾರೂ ಅವರನ್ನು ಒಂದು ಮಾತು ಕೇಳಿದ್ದಿಲ್ಲ, ಮಣ್ಣಿನ ವಿಷಯಕ್ಕೂ.

ಗುಲ್ವಾಡಿಯ ಮನೆಯಲ್ಲಿ ಹೆಂಡತಿ ಸ್ನೇಹಲತಾ ಜಗುಲಿಯಲ್ಲಿ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದರು.

"ಹ್ವಾಯ್, ಆ ದೊರೆ ನಿಮ್ಮನ್ನ ಹೊಗಳಿದ ಅಂಬ್ರಲೆ?"

"ಹೊಗಳಿದ. ಹೊಗಳಿದ್ದೇ ಕಷ್ಟ ಆಯ್ತ್." ಚಂದಯ್ಯ ಮೆಟ್ಟಿಲ ಮೇಲೆ ಕೂತರು. ಶೆಟ್ಟರ ಫೋನಿನ ವಿಷಯ ಹೇಳಿದರು. ಆಮೇಲೆ, "ನಾ ಮಧ್ಯಾಹ್ನ ಗೋಣಿ ಹಾಸ್ತಿದ್ದೆ," ಎಂದರು.

"ಎಂತಕ್ಕೆ?"

"ಒಡಿತಿತ್ತಲೆ."

"ಒಡೀಕ್ ಅಂದೇಳಿಯೇ ಅಲ್ದಾ ಶೆಟ್ರ್ ಸಂಬ್ಳ ಕೊಡೂದ್?"

"ಹೌದ್. ಬಿರ್ಕ್ ಕಂಡ್ರೆ ಕೈ ಸುಮ್ನೆ ಕೂಕಣ್ತಿಲ್ಲೆ ಹೆಣ್ಣೆ."

"ಮನಿ ಗ್ವಾಡಿ ಬಿರ್ಕ್ ಬಿಟ್ಟ್ ಮೂರ್ ವರ್ಷ ಆಯ್ತ್. ಅದ್ಕ್ ಹೋತಿಲ್ಲೆ ಕಾಣಿ ನಿಮ್ ಕೈ."

"ಅದ್ ಸಿಮೆಂಟ್."

ಸ್ನೇಹಲತಾ ಸೊಪ್ಪಿನ ದಂಟು ಮುರಿದು ಪಾತ್ರೆಗೆ ಹಾಕಿದರು. "ಒಡೀದಂಗೆ ಮಾಡೂಕ್ ಗೊತ್ತಿದ್ದವ್ರಿಗೆ ಒಡ್ಸೂಕ್ ಗೊತ್ತಿಲ್ದಾ? ನೀವ್ ಒಡ್ಸೂದಿಲ್ಲ ಅಂದ್ರೆ ಬೆಂಗ್ಳೂರಿನವ್ರ್ ಬಂದ್ ಒಡ್ಸ್ತ್ರ್. ಅವ್ರಿಗ್ ಗುಲ್ವಾಡಿ ಮಣ್ಣ್ ಎಂತ ಗೊತ್ತಿತ್ತ್, ಹೇಳಿ ಕಾಂಬ."

ಚಂದಯ್ಯ ಕೈಕಾಲು ತೊಳೆದು ಒಳಗೆ ಹೋದರು. ಬೆಂಗಳೂರಿನವರು ಹೇಗೆ ಒಡೆಸಬಹುದು ಎಂದು ಊಟ ಮಾಡುತ್ತ ಯೋಚಿಸಿದರು. ಯೋಚಿಸಿದಷ್ಟೂ ಅದು ಒರಟು ಕೆಲಸವಾಗಿ ಕಂಡಿತು.

ಸೋಮವಾರ ಬೆಳಿಗ್ಗೆ ಅವರು ಹನ್ನೊಂದು ಗೋಣಿಗಳನ್ನೂ ಸ್ಕೂಟರಿಗೆ ಕಟ್ಟಿ ಮನೆಗೆ ಸಾಗಿಸಿ ಹೆಂಡತಿಯ ವಶಕ್ಕೆ ಕೊಟ್ಟರು. ಮತ್ತೆ ಮೈದಾನಕ್ಕೆ ಬಂದು ಕೆಲಸ ಶುರುಮಾಡಿದರು. ಮೂವತ್ತೊಂದು ವರ್ಷ ಯಾವುದನ್ನು ಮಾಡಬಾರದೆಂದು ಕಲಿತಿದ್ದರೋ ಅದನ್ನೆಲ್ಲ ಮಾಡಿದರು. ಪಡುವಣ ಬದಿಯ ಹಸಿರು ಪರದೆ ಬಿಚ್ಚಿ ಕಡಲ ಗಾಳಿಯನ್ನು ಒಂದೇ ಮಗ್ಗುಲಿಗೆ ಬಿಟ್ಟರು. ನಡುಮಧ್ಯಾಹ್ನ, ಮಣ್ಣು ಕಾದಿರುವಾಗ, ಮೇಲಷ್ಟೇ ತೋಯುವಂತೆ ನೀರು ಚಿಮುಕಿಸಿ ಹಾಗೇ ಒಣಗಲು ಬಿಟ್ಟರು. ರೋಲರನ್ನು ಒಂದು ಪಕ್ಕಕ್ಕೆ ಮಾತ್ರ ಎಳೆಸಿದರು. ಸ್ಪಿನ್ನರ್ ಚೆಂಡು ಬೀಳಿಸುವ ಜಾಗ ಎಲ್ಲಿ ಎಂದು ಪ್ರಖ್ಯಾತನನ್ನು ಕೇಳಿ, ಅಲ್ಲಿ ತೆಂಗಿನ ಕಡ್ಡಿಯ ಪೊರಕೆಯಿಂದ ಗುಡಿಸಿ ಮಣ್ಣಿನ ಮೇಲ್ಪದರ ಸಡಿಲ ಮಾಡಿದರು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮೊದಲ ಬಿರುಕು ಬಾಯಿಬಿಟ್ಟಿತು. ಚಂದಯ್ಯ ಪಿಚ್ಚಿಗೆ ಬೆನ್ನು ಹಾಕಿ, ಹೆದ್ದಾರಿಯ ಕಡೆ ಮುಖ ಮಾಡಿ ಕೂತರು.

"ಚಂದಯ್ಯಣ್ಣ, ಅಲ್ಲಿ ಎಂತ ಕಾಂತ್ರಿ?" ಎಂದು ನಿತೇಶ್ ಕೇಳಿದ.

"ಬಸ್."

"ಯಾವ್ ಬಸ್?"

"ಎಲ್ಲ ಬಸ್."

ಬುಧವಾರ ಮುಂಬೈಯಿಂದ ಶೆಟ್ಟರೇ ಬಂದು ಪೆವಿಲಿಯನ್ನಿನಲ್ಲಿ ಕೂತಿದ್ದರು. ಪಿಚ್ಚಿನ ಒಂದು ಅರ್ಧದಲ್ಲಿ ಬೆರಳು ಹೋಗುವಷ್ಟು ಬಿರುಕು. ಇನ್ನೊಂದು ಅರ್ಧ ಹಂಚಿನಂತೆ ನುಣುಪು. ಪ್ರಖ್ಯಾತನ ಮೊದಲ ಚೆಂಡು ತಿರುಗಿ ಬ್ಯಾಟನ್ನು ದಾಟಿತು. ಎರಡನೆಯದೂ ಹಾಗೆಯೇ. ಮೂರನೆಯದು ಅದೇ ಕೈಯಿಂದ ಬಂದು, ಅಲ್ಲೇ ಬಿದ್ದು, ತಿರುಗದೆ ಒಳಗೆ ನುಗ್ಗಿ ಹ್ಯಾಲೊರನ್‌ನ ಪ್ಯಾಡಿಗೆ ಬಡಿಯಿತು. ಮುಕ್ಕಾಲು ಗಂಟೆಯಲ್ಲಿ ಅವನು ಹನ್ನೊಂದು ಸಲ ಔಟಾದ. ತವರಿನಲ್ಲಿ ಐವತ್ತೊಂದು ಹೊಡೆಯುವ ಕೈ, ಕಾಲು, ಕಣ್ಣು ಎಲ್ಲ ಅವನ ಬಳಿಯೇ ಇದ್ದವು. ನೆಲ ಮಾತ್ರ ಬೇರೆಯಾಗಿತ್ತು.

ಅವನು ಹೆಲ್ಮೆಟ್ ತೆಗೆದು, ಬಗ್ಗಿ, ಬಿರುಕಿನೊಳಗೆ ಎರಡು ಬೆರಳು ಇಳಿಸಿ ನೋಡಿದ. ಆಮೇಲೆ ಚಂದಯ್ಯನವರ ಕಡೆ ನೋಡಿ ಏನೋ ಹೇಳಿದ.

"ಎಂತ ಅಂದ?" ಚಂದಯ್ಯ ಕೇಳಿದರು.

"ಹೊಗಳ್ಲಿಲ್ಲ," ಎಂದ ನಿತೇಶ್.

ಶೆಟ್ಟರು ಕೆಳಗಿಳಿದು ಬಂದು ಪಿಚ್ಚನ್ನು ಚಪ್ಪಲಿಯ ತುದಿಯಿಂದ ಮುಟ್ಟಿದರು. "ಇದ್ ಹೌದ್," ಎಂದರು. ಬೆಂಗಳೂರಿನ ಮಾತು ಎತ್ತಲಿಲ್ಲ. ಚಂದಯ್ಯನವರೂ ಎತ್ತಲಿಲ್ಲ, ಅವರ ಗಮನ ಚಪ್ಪಲಿಯ ಮೇಲಿತ್ತು. "ಶೆಟ್ರೆ, ಅಂಚ್ ಕುಸಿತ್ತ್. ಆಚಿ ಬದಿ ನಿಲ್ಲಿ," ಎಂದರು.

ಉಳಿದ ಎಂಟು ದಿನ ಹ್ಯಾಲೊರನ್ ಅಲ್ಲೇ ಆಡಿದ. ದಿನಕ್ಕೆ ಮುಕ್ಕಾಲು ಗಂಟೆಯಲ್ಲಿ ಎಷ್ಟು ಸಲ ಔಟಾದ ಎಂದು ಚಂದಯ್ಯ ಎಣಿಸುತ್ತಿದ್ದರು. ಗುರುವಾರ ಹನ್ನೆರಡು. ಶುಕ್ರವಾರ ಒಂಬತ್ತು. ಆ ಎಂಟರಲ್ಲಿ ಐದನೆಯ ದಿನ ಅವನು ಚೆಂಡಿನ ಕಡೆಗೆ ಕೈ ಚಾಚುವುದನ್ನು ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಚೆಂಡು ತಿರುಗಿದ ಮೇಲೆ ಬ್ಯಾಟನ್ನು ಸಡಿಲವಾಗಿ ಇಡತೊಡಗಿದ. ಒಳಕ್ಕೆ ಬರುವ ಚೆಂಡಿಗೆ ಪ್ಯಾಡಿನ ಬದಲು ಬ್ಯಾಟು ಬಂತು. ಕೊನೆಯ ದಿನ ಎರಡೇ ಸಲ ಔಟಾದ. ನೂರಕ್ಕೆ ಎರಡಲ್ಲದಿದ್ದರೂ ಚಂದಯ್ಯನವರು ಅದನ್ನು ಒಪ್ಪಿದರು.

ಸರಣಿಯ ಮೊದಲ ಟೆಸ್ಟಿನಲ್ಲಿ ಅವನು ನಲವತ್ನಾಲ್ಕು ಮತ್ತು ಅರವತ್ತೇಳು ಹೊಡೆದ. ತಂಡ ಸೋತಿತು. ಮರುವಾರವೇ ಅದೇ ತಂಡದ ಇನ್ನೊಬ್ಬ ಬ್ಯಾಟರಿಗಾಗಿ ಶೆಟ್ಟರಿಗೆ ಫೋನು ಬಂತು. ಇವನು ಎಡಗೈಯವನು, ಬಿರುಕು ಪಿಚ್ಚಿನ ಇನ್ನೊಂದು ಪಕ್ಕಕ್ಕೆ ಬೇಕು. ಮಾರ್ಚ್ ಒಂಬತ್ತಕ್ಕೆ ಬರುತ್ತಾನೆ. ಎರಡನೆಯ ಪಿಚ್ಚಿಗೆ ಚಂದಯ್ಯ ಸೋಮವಾರದಿಂದ ನೀರು ಹಾಕುವುದನ್ನು ನಿಲ್ಲಿಸುತ್ತಾರೆ.