ಡ್ಯೂಕ್‌ಗೆ ವಿಭೂತಿ ಸೇವೆ

ಹೋದ ವಾರ ಇಲ್ಲಿನ ರಿಕ್ಕರ್ಟನ್ ಬಡಾವಣೆಯ ಮಾಲ್‌ನಲ್ಲಿ ಒಬ್ಬಾತ ಹಳೆಯ ನಾಣ್ಯಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. ನೋಡಿದ್ದೇ ತಡ, ನನಗೆ ಹಸಿವಾಯಿತು. ನಗಬೇಡಿ, ಕಾರಣವಿದೆ.

ಊರು ಬಿಟ್ಟು ಈ ದೇಶಕ್ಕೆ ಬಂದು ಪಾಮರ್ಸ್ಟನ್ ನಾರ್ತ್‌ನಲ್ಲಿ ಓದುತ್ತಿದ್ದಾಗ, ಫ್ಲ್ಯಾಟ್‌ಮೇಟ್‌ಗಳ ಪಾಸ್ತಾ ತಿಂದು ಬೇಸತ್ತು, ಶುಕ್ರವಾರ ಸಂಜೆ ಸೈಕಲ್ ಏರಿ ಸುಬ್ಬು ಅಂಕಲ್ ಮನೆಗೆ ಓಡುತ್ತಿದ್ದೆ. ಮೈಸೂರಿನವರು, ಎಂಜಿನಿಯರು. ಅವರ ಹೆಂಡತಿ ಪ್ರೇಮಾ ಆಂಟಿ ಮಾಡಿದ ಹುಳಿಯ ಘಮ ಬಾಗಿಲಲ್ಲೇ ಎದುರುಗೊಳ್ಳುತ್ತಿತ್ತು. ಆದರೆ ಊಟಕ್ಕೆ ಮುಂಚೆ ಡ್ಯೂಕ್ ದರ್ಶನ ಆಗಲೇಬೇಕು. ಅದು ಮುಗಿಯುವಷ್ಟರಲ್ಲಿ ಹುಳಿ ಆರಿರುತ್ತಿತ್ತು.

ಹಿಂದೆ ಫ್ರಾನ್ಸಿನ ಕಡೆ ಅಕ್ವಿಟೇನ್ ಎಂಬ ಸೀಮೆಯನ್ನು ಡ್ಯೂಕ್‌ಗಳು ಆಳುತ್ತಿದ್ದರಂತೆ. ಅವರ ಕಾಲದ ಒಂದು ಬೆಳ್ಳಿ ನಾಣ್ಯ ಅಂಕಲ್ ಬಳಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಹಪ್ಪಳದಂತೆ ತೆಳು, ಕಪ್ಪಿಟ್ಟಿದ್ದು. ಮೇಲೆ ಕತ್ತಿ ಹಿಡಿದ ಡ್ಯೂಕ್.

"ಮೆಷಿನ್ನಲ್ಲಿ ಮಾಡಿದ್ದಲ್ಲ ಕಣಯ್ಯ! ಎರಡು ಅಚ್ಚಿನ ಮಧ್ಯೆ ಬೆಳ್ಳಿ ಇಟ್ಟು ಸುತ್ತಿಗೇಲಿ ಬಾರಿಸಿದ್ದು. ಅಚ್ಚು ಓರೆಯಾಗಿ ಬಿದ್ದಿದೆ ನೋಡು, ಅದೇ ಇದರ ಚೆಂದ. ಈ ಕಪ್ಪೇ ಇದರ ವಯಸ್ಸು. ಏಯ್, ಮುಟ್ಟಬೇಡ!"

ಆಂಟಿಯ ದೋಸೆ ಚೂರು ಓರೆಯಾದರೆ ಮುಖ ಸಿಂಡರಿಸುತ್ತಿದ್ದ ಮಹಾನುಭಾವರೂ ಇವರೇ.

ಆಂಟಿ ತವರಿಗೆ ಹೋಗಿದ್ದಾಗ, ಅವರಮ್ಮ ಕೊಟ್ಟಿದ್ದ ಜೋಡಿ ಬೆಳ್ಳಿ ದೀಪಗಳನ್ನು ಮಾರಿ ಅಂಕಲ್ ಈ ನಾಣ್ಯ ಕೊಂಡಿದ್ದರು. "ದಿನಾ ಉಜ್ಜೋ ತಾಪತ್ರಯ ತಪ್ಪಿಸಿದೀನಿ ನಿಂಗೆ" ಅಂದರಂತೆ, ಉಪಕಾರ ಮಾಡಿದವರ ಹಾಗೆ. ಪುಣ್ಯಾತ್ಮರು!

ಒಂದು ಶುಕ್ರವಾರ ನಾನು ಹೋದಾಗ ಗಾಜಿನ ಪೆಟ್ಟಿಗೆ ಖಾಲಿ. ಅಂಕಲ್ ದೇವರ ಗೂಡಿನ ಮುಂದೆ ಬಾಯಿ ತೆರೆದು ನಿಂತಿದ್ದರು. ದೀಪಗಳಿದ್ದ ಜಾಗದಲ್ಲಿ ಡ್ಯೂಕ್ ಮಹಾಶಯರು ಕುಂಕುಮ ಇಟ್ಟುಕೊಂಡು, ವಿಭೂತಿಯಲ್ಲಿ ಉಜ್ಜಿಸಿಕೊಂಡು, ಫಳಫಳ ಹೊಳೆಯುತ್ತಿದ್ದರು.

"ಏನೇ ಮಾಡಿದೆ ಇದು?"

"ದೀಪದ ಬದಲು ಬಂದಿದ್ದು ಇದೇ ಅಲ್ವೇನ್ರೀ? ಅದಕ್ಕೆ ಮಾಡ್ತಿದ್ದ ಸೇವೆ ಇದಕ್ಕೂ ಮಾಡ್ದೆ. ಇನ್ಮೇಲೆ ಪ್ರತಿ ಶುಕ್ರವಾರ ಮಾಡ್ತೀನಿ" ಎಂದು ಆಂಟಿ ತಣ್ಣಗೆ ಹೇಳಿ ತಟ್ಟೆ ಹಾಕಿದರು.

ಪೂಜೆಯಾದದ್ದನ್ನು ದೇವರ ಮುಂದಿನಿಂದ ಎತ್ತಿಕೊಳ್ಳುವ ಧೈರ್ಯ ಅಂಕಲ್‌ಗೆ ಬರಲಿಲ್ಲ. ಆವತ್ತು ಮೊದಲ ಸಲ ಆ ಮನೆಯ ಹುಳಿಯನ್ನು ಬಿಸಿಬಿಸಿಯಾಗಿ ಉಂಡೆ.

ಹೋದ ವಾರ ಮಾಲ್‌ನಿಂದಲೇ ಆಂಟಿಗೆ ಫೋನ್ ಮಾಡಿದೆ. "ಡ್ಯೂಕ್ ಹೇಗಿದಾರೆ ಆಂಟಿ?"

"ಮುಖಾನೂ ಸವೀತು, ಕತ್ತೀನೂ ಸವೀತು. ಈಗ ನಿಮ್ ಅಂಕಲ್ಲೇ ವಿಭೂತಿ ತಂದ್ಕೊಡ್ತಾರೆ."

ಜೋರಾಗಿ ನಕ್ಕೆ. ಇಲ್ಲಿನ ಎಷ್ಟೋ ಪಾರ್ಟಿಗಳಲ್ಲಿ ನಾನು ಈ ಕತೆ ಹೇಳಿ ಜನರನ್ನು ನಗಿಸಿದ್ದೇನೆ. ಆಂಟಿ ಮಾತ್ರ ನಗಲಿಲ್ಲ.

"ಎಷ್ಟು ಉಜ್ಜಿದ್ರೂ ಅದು ನಮ್ಮಮ್ಮನ ದೀಪ ಆಗಲ್ಲ ಕಣೋ" ಅಂದರು.

ನಗಿಸಲೆಂದು ನಾನು ಈ ಕತೆ ಹೇಳುವುದು ಇದೇ ಕೊನೆ.