ಚಕ್ರದಲ್ಲಿ ಇಲ್ಲದ ಹೆಸರು

ಬಿಟ್ಟಿ ಸಿಗುತ್ತದೆ ಎಂದರೆ ಆರನೇ ತರಗತಿಯ ವಿಜ್ಞಾನದ ಟೀಚರ್ ಯಾವುದನ್ನೂ ಬಿಡುವವರಲ್ಲ. ಐವತ್ತೆರಡರ ವಯಸ್ಸಿನಲ್ಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಶಾಲೆಯ ಹಳೆಯ ಲ್ಯಾಪ್‌ಟಾಪ್ ಮುಂದೆ ಕೂತು, ಪಾಠಕ್ಕೆಂದು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವುದನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆಯುತ್ತಿದ್ದರು. ಒಂದು ಆ್ಯಪ್, ಮಕ್ಕಳು ಬರೆದ ಚಿತ್ರಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿಕೊಡುತ್ತಿತ್ತು. ಇನ್ನೊಂದು ಮೂವತ್ತು ದಿನ ನೆಟ್ಟಗೆ ಕೆಲಸ ಮಾಡಿ, ಮಾರನೆಯ ದಿನ ದುಡ್ಡು ಕೊಡಿ ಎಂದು ಬಾಗಿಲು ಹಾಕಿಕೊಂಡಿತ್ತು. ಮತ್ತೊಂದರಲ್ಲಿ ಹೃದಯ ಹೇಗೆ ಬಡಿದುಕೊಳ್ಳುತ್ತದೆ ಎಂದು ತೋರಿಸುತ್ತಿದ್ದಾಗ ನಡುವೆ ಗಡ್ಡ ಹೆರೆಯುವ ಬ್ಲೇಡಿನ ಜಾಹೀರಾತು ಬಂದು, ಮಕ್ಕಳು ವಾರವಿಡೀ ನಕ್ಕಿದ್ದರು.

"ಗೋಡೆ ಮೇಲಿರೋ ಹಲ್ಲಿಗೂ ಒಂದು ಪಾಸ್‌ವರ್ಡ್ ಮಾಡಿಕೊಡಿ ಮೇಡಂ, ಪಾಪ, ಅದೊಂದೇ ಬಾಕಿ," ಎಂದು ಚಿತ್ರಕಲೆಯ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಿದ್ದರು.

"ಹಲ್ಲಿ ಬೇಗ ಕಲಿಯತ್ತೆ ಮೇಷ್ಟ್ರೇ. ನಿಮ್ಮದೇ ಚಿಂತೆ ನನಗೆ," ಎಂದು ಇವರೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲದರಲ್ಲಿ ಟೀಚರ ಮನಸ್ಸು ನಿಂತದ್ದು ಒಂದು ಚಕ್ರದ ಮೇಲೆ. ಮಕ್ಕಳ ಹೆಸರು ತುಂಬಿಸಿ ಒತ್ತಿದರೆ ಗೋಡೆಯ ಮೇಲೆ ಬಣ್ಣಬಣ್ಣದ ಚಕ್ರ ಗಿರಗಿರನೆ ತಿರುಗಿ ಒಂದು ಹೆಸರಿನ ಮೇಲೆ ನಿಲ್ಲುತ್ತಿತ್ತು. ಆ ಮಗು ಎದ್ದು ಉತ್ತರ ಹೇಳಬೇಕು. ಇದರ ಮೇಲೆ ಅವರಿಗೆ ಅಷ್ಟು ಪ್ರೀತಿ ಹುಟ್ಟಲು ಕಾರಣವಿತ್ತು. ಎರಡು ವರ್ಷದ ಕೆಳಗೆ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದು, "ನೀವು ಮುಂದಿನ ಎರಡು ಸಾಲಿಗೆ ಮಾತ್ರ ಟೀಚರಂತೆ, ಹೌದಾ?" ಎಂದು ಎಲ್ಲರೆದುರು ಕೇಳಿಬಿಟ್ಟಿದ್ದ. ಆ ಮಾತು ಟೀಚರನ್ನು ಚುಚ್ಚಿದ್ದು ಅದು ನಿಜವಾಗಿದ್ದರಿಂದ. ಥಟ್ಟನೆ ಉತ್ತರ ಹೇಳುವ ಏಳೆಂಟು ಮಕ್ಕಳನ್ನು ಹಿಡಿದುಕೊಂಡೇ ಅವರು ವರ್ಷಾನುಗಟ್ಟಲೆ ಪಾಠ ಸಾಗಿಸಿದ್ದರು. ಚಕ್ರ ಬಂದ ಮೇಲೆ ಆ ಅಪವಾದ ತೊಳೆದುಹೋಯಿತು ಎಂದುಕೊಂಡರು. ಯಾವುದಾದರೂ ಮಗು ಕೈ ಎತ್ತಿದರೆ, "ಕೈ ಇಳಿಸು ಮಗು, ಚಕ್ರ ಕರೆದಾಗ ಹೇಳು. ಇಲ್ಲಿ ಎಲ್ಲರೂ ಒಂದೇ," ಎನ್ನುವುದು ರೂಢಿಯಾಯಿತು. ಹೆಡ್ ಮೇಡಂಗೂ ಇದು ಹಿಡಿಸಿ, ಸುತ್ತಲಿನ ಶಾಲೆಗಳ ಹತ್ತು ಜನ ಶಿಕ್ಷಕರು ಒಂದು ಶುಕ್ರವಾರ ಬಂದು ಪಾಠ ನೋಡುವುದೆಂದು ಗೊತ್ತಾಯಿತು.

ಆ ವಾರದ ಬುಧವಾರ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಬೀದಿ ತಿರುವಿನ ಇಸ್ತ್ರಿ ಅಂಗಡಿಯ ಅಜ್ಜಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತರು.

"ಟೀಚರಮ್ಮ, ಕಿಟಕಿ ಪಕ್ಕ ಕೊನೇ ಬೆಂಚಲ್ಲಿ ಕೂರ್ತಾಳಲ್ಲ, ಅವಳ ಅಜ್ಜಿ ನಾನು. ನಮ್ಮ ಪುಟ್ಟಿ ಏನಾದ್ರೂ ತಪ್ಪು ಮಾಡಿದ್ದಾಳಾ?"

"ಇಲ್ವಲ್ಲ ಅಜ್ಜಿ, ಯಾಕೆ?"

"ಚಕ್ರ ಅವಳನ್ನ ಕರೆಯೋದೇ ಇಲ್ಲವಂತೆ. ದಿನಾ ಬೆಳಗ್ಗೆ ನಾನು ಬಟ್ಟೆಗೆ ನೀರು ಚಿಮುಕಿಸ್ತಾ ಇರ್ತೀನಿ, ಇವಳು ಎದುರಿಗೆ ನಿಂತು ಪಾಠ ಒಪ್ಪಿಸ್ತಾಳೆ. ಎಲೆ ಹೇಗೆ ಉಸಿರಾಡತ್ತೆ ಅಂತ ನನಗೂ ಬಾಯಿಪಾಠ ಆಗಿಹೋಗಿದೆ. ಮಾತು ಸ್ವಲ್ಪ ತೊದಲತ್ತೆ, ಆದ್ರೆ ಹೇಳ್ತಾಳೆ."

ಟೀಚರ್ ನಕ್ಕರು. "ಚಕ್ರಕ್ಕೆ ಕಣ್ಣಿಲ್ಲ ಅಜ್ಜಿ. ಅದು ಯಾರನ್ನೂ ನೋಡಿ ಕರೆಯಲ್ಲ."

"ಕಣ್ಣಿಲ್ಲ ಅಂತಲೇ ಅವಳು ಕಾಣಿಸ್ತಿಲ್ಲವೇನೋ. ನೀವೇ ಒಂಚೂರು ನೋಡಿ ತಾಯಿ," ಎಂದು ಅಜ್ಜಿ ಹೊರಟರು.

ಅಜ್ಜಿಯ ಸಮಾಧಾನಕ್ಕೆಂದು ಟೀಚರ್ ಲ್ಯಾಪ್‌ಟಾಪ್ ತೆರೆದರು. ಹೆಸರುಗಳನ್ನು ಬೆರಳಿಟ್ಟು ಎಣಿಸಿದರು. ನಲವತ್ತು. ಮತ್ತೆ ಎಣಿಸಿದರು. ನಲವತ್ತೇ. ತರಗತಿಯಲ್ಲಿ ನಲವತ್ತೊಂದು ಮಕ್ಕಳು. ಪಟ್ಟಿಯ ಅಡಿಯಲ್ಲಿ, ಕಂಡೂ ಕಾಣದಂಥ ಬೂದು ಅಕ್ಷರಗಳಲ್ಲಿ ಒಂದು ಸಾಲಿತ್ತು: ಉಚಿತ ಬಳಕೆಗೆ ನಲವತ್ತು ಹೆಸರು ಮಾತ್ರ. ಶಾಲೆ ತೆರೆದ ವಾರ ಇಡೀ ಪಟ್ಟಿಯನ್ನು ಒಮ್ಮೆಗೇ ತುಂಬಿಸಿದ್ದರು. ದಾಖಲಾತಿ ಮುಗಿಯುವ ದಿನ ಸೇರಿದ್ದ ಹುಡುಗಿಯ ಹೆಸರು ಪಟ್ಟಿಯ ತುದಿಯಲ್ಲಿತ್ತು. ಚಕ್ರ ಅದನ್ನು ಸದ್ದಿಲ್ಲದೆ ಕೆಳಗೆ ಬೀಳಿಸಿತ್ತು. ಐದು ತಿಂಗಳಾಗಿತ್ತು.

ಟೀಚರ ಕಿವಿ ಬಿಸಿಯಾಯಿತು. ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದರು. ಮೇಷ್ಟ್ರು ಬಣ್ಣದ ಡಬ್ಬಿ ಮುಚ್ಚುತ್ತಿದ್ದರು. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿಟ್ಟರು.

ಮರುದಿನ ಕೊನೆಯ ಗಂಟೆ ಹೊಡೆದ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡರು. ಹೇಗೆ ಶುರು ಮಾಡುವುದೆಂದು ತಿಳಿಯದೆ, "ಚಕ್ರದಲ್ಲಿ ನಿನ್ನ ಹೆಸರು..." ಎಂದು ತಡವರಿಸಿದರು.

"ಇಲ್ಲ. ಗೊ... ಗೊತ್ತು ಟೀಚರ್. ಮೊದಲನೇ ದಿನವೇ ಹುಡುಕಿದ್ದೆ." ಹುಡುಗಿ ಚೀಲದ ಪಟ್ಟಿ ತಿರುಚುತ್ತಾ ತಾನೇ ಮುಂದುವರಿಸಿದಳು. "ನಾನು ತೊದಲ್ತೀನಲ್ಲ, ಎಲ್ಲರೂ ನಗ್ತಾರೆ ಅಂತ ನೀವೇ ಬಿ... ಬಿಟ್ಟಿದ್ದೀರ ಅಂದ್ಕೊಂಡೆ. ಅಜ್ಜಿಗೆ ಹೇಳಬೇಡ ಅಂದ್ರೂ ಬಂದುಬಿಟ್ಟರು. ಬೇಜಾರು ಮಾಡ್ಕೋಬೇಡಿ."

ಟೀಚರಿಗೆ ತಪ್ಪಿಸಿಕೊಳ್ಳಲು ಬಾಗಿಲೊಂದು ತಾನಾಗಿ ತೆರೆದಂತಾಯಿತು. ಒಳಗೆ ಹೋಗಿಬಿಟ್ಟರು.

"ಹೌದು ಪುಟ್ಟಿ," ಎಂದರು. "ನಿನಗೆ ಕಷ್ಟ ಆಗಬಾರದು ಅಂತಲೇ."

ಹುಡುಗಿಯ ಮುಖ ಅರಳಿತು. "ಥ್ಯಾಂಕ್ಯೂ ಟೀಚರ್," ಎಂದು ಓಡಿದಳು. ಆ ಥ್ಯಾಂಕ್ಯೂ ಟೀಚರ ಬೆನ್ನಿಗಂಟಿಕೊಂಡೇ ಮನೆಯ ತನಕ ಬಂತು.

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕನಿಗೆ ಎಲ್ಲ ಹೇಳಿದರು. ಅಕ್ಕ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನಾನಾಗಿ ಸುಳ್ಳು ಹೇಳಲಿಲ್ಲ ಅಕ್ಕ. ಅವಳೇ ಹಾಗಂದ್ಕೊಂಡಿದ್ದಳು, ನಾನು ಹೂಂ ಅಂದೆ ಅಷ್ಟೆ."

"ಆಯ್ತು. ತಪ್ಪು ನಿನ್ನದು, ಥ್ಯಾಂಕ್ಯೂನೂ ನಿನಗೇ. ಚೆನ್ನಾಗಿದೆ ಲೆಕ್ಕ," ಎಂದು ಅಕ್ಕ ದಾರ ಕತ್ತರಿಸಿದಳು. "ಕೈಕಾಲು ತೊಳ್ಕೋ ಹೋಗು."

ದಿನವೂ ಸಂಜೆ ಕಣ್ಣು ಮುಚ್ಚಿ ಕೂತು, ತರಗತಿಯ ಮಕ್ಕಳನ್ನು ಬೆಂಚಿನ ಪ್ರಕಾರ ಒಬ್ಬೊಬ್ಬರನ್ನಾಗಿ ನೆನೆದು ಒಳ್ಳೆಯದು ಮಾಡಪ್ಪಾ ಎಂದು ದೇವರನ್ನು ಬೇಡುವುದು ಟೀಚರ ಅಭ್ಯಾಸ. ಅಂದೂ ಕೂತರು. ಮುಂದಿನ ಸಾಲಿನ ಹೆಸರುಗಳು ನೀರಿನಂತೆ ಹರಿದವು. ನಡುವಿನ ಸಾಲುಗಳೂ ಬಂದವು. ಕಿಟಕಿ ಪಕ್ಕದ ಕೊನೆಯ ಬೆಂಚಿಗೆ ಬಂದಾಗ ನಾಲಿಗೆ ನಿಂತಿತು. ಪ್ರಾರ್ಥನೆಯಲ್ಲಿ ಆ ಬೆಂಚನ್ನು ತಾವು ಈ ಮೊದಲು ಯಾವತ್ತೂ ಮುಟ್ಟಿರಲಿಲ್ಲ ಎನ್ನುವುದು ಆಗ ಹೊಳೆಯಿತು. ದೇವರೆದುರು ಅಷ್ಟು ಸಣ್ಣವರಾಗಿ ಅವರು ಎಂದೂ ಕೂತಿರಲಿಲ್ಲ. ಚಕ್ರವನ್ನು ದೂರಲು ಇನ್ನು ಮುಖವಿರಲಿಲ್ಲ.

ಶುಕ್ರವಾರ ಗಂಟೆ ಹೊಡೆಯುವ ಮೊದಲೇ ನಲ್ಲಿಯ ಹತ್ತಿರ ಹುಡುಗಿಯನ್ನು ಹುಡುಕಿಕೊಂಡು ಹೋದರು. ಅವಳು ಬಾಟಲಿಗೆ ನೀರು ಹಿಡಿಯುತ್ತಿದ್ದಳು.

"ಪುಟ್ಟಿ, ನಿನ್ನೆ ನಾನು ಹೇಳಿದ್ದು ಸುಳ್ಳು. ನಿನಗೆ ಕಷ್ಟ ಆಗತ್ತೆ ಅಂತ ಬಿಟ್ಟಿದ್ದಲ್ಲ. ನಿನ್ನ ಹೆಸರು ಇಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ."

"ಗೊತ್ತೇ ಇರಲಿಲ್ವಾ?"

"ಇಲ್ಲ."

"ಇ... ಇಷ್ಟು ದಿನ?"

"ಇಷ್ಟು ದಿನ."

ಬಾಟಲಿ ತುಂಬಿ ನೀರು ಅವಳ ಕೈಮೇಲೆ ಹರಿಯುತ್ತಿತ್ತು. ಟೀಚರ್ ತನ್ನ ಬಗ್ಗೆ ಯೋಚಿಸಿದ್ದಾರೆ ಎಂಬ ಒಂದು ಸಮಾಧಾನ ಅವಳಲ್ಲಿತ್ತು. ಅದನ್ನೂ ತಾವೇ ಕಿತ್ತುಕೊಂಡದ್ದು ಟೀಚರಿಗೆ ಅವಳ ಮುಖ ನೋಡಿದಾಗ ತಿಳಿಯಿತು. ಅವಳು ನಲ್ಲಿ ನಿಲ್ಲಿಸಿ ಒಳಗೆ ಹೋದಳು.

ತರಗತಿಯ ಹಿಂದೆ ಹತ್ತು ಕುರ್ಚಿಗಳಲ್ಲಿ ಅತಿಥಿಗಳು ಕೂತರು. ಹೆಡ್ ಮೇಡಂ ನಗುತ್ತಾ ಕಣ್ಣಿನಲ್ಲೇ ಶುರು ಮಾಡಿ ಎಂದರು. ಗೋಡೆಯ ಮೇಲೆ ಚಕ್ರ ಮೂಡಿತು. ಟೀಚರ್ ಅದನ್ನು ತಿರುಗಿಸಲಿಲ್ಲ.

"ಈ ಚಕ್ರ ಬಿಟ್ಟಿ ಹಿಡಿಯೋದು ನಲವತ್ತೇ ಹೆಸರು. ಒಂದು ಹೆಸರು ಇದರಲ್ಲಿ ಮೊದಲಿಂದ ಇಲ್ಲ. ನಾನು ನೋಡಲೇ ಇಲ್ಲ. ತಪ್ಪು ಯಂತ್ರದ್ದಲ್ಲ, ನನ್ನದು," ಎಂದರು.

ಯಾರ ಹೆಸರೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಇಡೀ ತರಗತಿ ಒಟ್ಟಿಗೆ ಕಿಟಕಿ ಪಕ್ಕದ ಬೆಂಚಿನತ್ತ ತಿರುಗಿತು.

"ನಿಮಗೆಲ್ಲ ಗೊತ್ತಿತ್ತಾ?" ಎಂದರು ಟೀಚರ್.

"ಗೊತ್ತಿತ್ತು ಟೀಚರ್," ಎಂದಳು ಮುಂದಿನ ಬೆಂಚಿನವಳು.

"ಮತ್ತೆ ಯಾಕೆ ಹೇಳಲಿಲ್ಲ?"

"ನಿಮಗೂ ಗೊತ್ತಿದೆ ಅಂದ್ಕೊಂಡ್ವಿ."

ಹೆಡ್ ಮೇಡಂ ಮುಖದ ನಗು ಆರಿತು. ಅತಿಥಿಗಳಲ್ಲಿ ಒಬ್ಬರು ಪೆನ್ನು ತೆಗೆದು, "ಎಷ್ಟು ಹೆಸರಿನ ತನಕ ಬಿಟ್ಟಿ ಅಂದ್ರಿ?" ಎಂದು ಕೇಳಿ ಬರೆದುಕೊಂಡರು. ಟೀಚರ್ ಕೊನೆಯ ಬೆಂಚಿನ ತನಕ ನಡೆದು ಹೋಗಿ, ಅಲ್ಲಿ ನಿಂತು, ಹುಡುಗಿಯನ್ನು ಹೆಸರು ಹಿಡಿದು ಕರೆದರು. "ನಿನ್ನನ್ನ ಒಂದು ಪ್ರಶ್ನೆ ಕೇಳಲಾ?"

"ಬೇಡ," ಎಂದಳು ಹುಡುಗಿ. ಒಂಚೂರೂ ತೊದಲಲಿಲ್ಲ.

ಟೀಚರ್ ತಲೆಯಾಡಿಸಿದರು. ವಾಪಸು ಬಂದು ಪ್ರೊಜೆಕ್ಟರ್ ಆರಿಸಿ, ಸೀಮೆಸುಣ್ಣ ಹಿಡಿದು ಪಾಠ ಮಾಡಿದರು. ಹತ್ತು ಜನರ ಮುಂದೆ ಅಕ್ಷರಗಳು ಸೊಟ್ಟಗಾದವು.

ಆಮೇಲೆ ದಿನವೂ ಪಾಠದ ನಡುವೆ ಕಿಟಕಿಯ ಕಡೆ ಹೋದಾಗ ತಗ್ಗಿದ ದನಿಯಲ್ಲಿ, "ಇವತ್ತು?" ಎಂದು ಕೇಳುವರು. ಹುಡುಗಿ ಅಡ್ಡಡ್ಡ ತಲೆಯಾಡಿಸುವಳು. ಸರಿ ಎಂದು ಮುಂದೆ ಹೋಗುವರು. ಸುದ್ದಿ ಸ್ಟಾಫ್ ರೂಮಿಗೂ ಮುಟ್ಟಿತು.

"ಸಾಕು ಬಿಡಿ ಮೇಡಂ," ಎಂದರು ಚಿತ್ರಕಲೆಯ ಮೇಷ್ಟ್ರು. ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. "ಒಂದು ಮಗುವಿನ ಮುಂದೆ ಎಷ್ಟು ದಿನ ಅಂತ ಹೀಗೆ ನಿಲ್ತೀರಿ?"

"ಅವಳು ಕಾದಷ್ಟು ದಿನ ಮೊದಲು ಆಗಲಿ ಮೇಷ್ಟ್ರೇ."

ಒಂಬತ್ತನೆಯ ದಿನ ಟೀಚರ್ ಎಂದಿನಂತೆ ಕೇಳಿ, ಉತ್ತರಕ್ಕೆ ಕಾಯದೆಯೇ ಮುಂದೆ ಹೆಜ್ಜೆ ಇಟ್ಟಿದ್ದರು. ಹಿಂದಿನಿಂದ ದನಿ ಬಂತು.

"ಯಾ... ಯಾವ ಪಾಠದ್ದು?"

ಟೀಚರ್ ತಿರುಗಿ ಪುಸ್ತಕ ತೆರೆದರು. ಪುಟ ಬೇಗ ಸಿಗಲಿಲ್ಲ.